ಲಗ್ನಪತ್ರಿಕೆಯಲ್ಲಿ ಯಾರ ಹೆಸರು ಮೊದಲು?

ಹೋದ ತಿಂಗಳು ಅಣ್ಣನ ಮನೆಯಲ್ಲಿ ಒಂದು ಇಡೀ ಭಾನುವಾರ ಲಗ್ನಪತ್ರಿಕೆಯ ಪ್ರೂಫ್ ನೋಡುವುದರಲ್ಲೇ ಕಳೆಯಿತು. ಅಣ್ಣನ ಮಗಳ ಮದುವೆ. ಪ್ರೆಸ್ಸಿನ ಹುಡುಗ ವಾಟ್ಸಾಪಿನಲ್ಲಿ ಕಳಿಸಿದ್ದು ಒಂದೇ ಒಂದು ಪುಟ. ಆ ಪುಟದ ಮೇಲೆ ನಡೆದ ಚರ್ಚೆಗೆ ಮೂರು ಸಲ ಕಾಫಿ ಬೇಕಾಯಿತು. ತೀರಿಹೋದ ಅಜ್ಜನ ಹೆಸರಿನ ಹಿಂದೆ 'ದಿ.' ಹಾಕಬೇಕೋ ಬೇಡವೋ? ಶುಭಕಾರ್ಯದ ಪತ್ರದಲ್ಲಿ ಅದು ಬೇಡವೇ ಬೇಡ ಅಂತ ಅತ್ತಿಗೆ. ದೊಡ್ಡಪ್ಪನ ಹೆಸರಿನ ಕೆಳಗೆ 'ನಿವೃತ್ತ ತಹಶೀಲ್ದಾರ್' ಅಂತ ಇರಲೇಬೇಕು ಅಂತ ದೊಡ್ಡಮ್ಮ. 'ಸುಖಾಗಮನ ಬಯಸುವವರು' ಅನ್ನೋ ಸಾಲಿನಲ್ಲಿ ಹದಿನಾಲ್ಕು ಜನ ಸೇರಿದರು, ಇಬ್ಬರನ್ನು ತೆಗೆಯಬೇಕಾಯಿತು, ಆ ಇಬ್ಬರು ಯಾರು ಅನ್ನೋದನ್ನು ಇಲ್ಲಿ ಬರೆಯುವ ಧೈರ್ಯ ನನಗಿಲ್ಲ. ಕೊನೆಗೆ ಮದುವೆ ಹುಡುಗಿಯೇ ಫೋನ್ ಇಸಿದುಕೊಂಡು ನೋಡಿ, "ಅತ್ತೆ, ಇದರಲ್ಲಿ ನನ್ನ ಹೆಸರು ಎಲ್ಲಿದೆ ಸ್ವಲ್ಪ ಹುಡುಕಿಕೊಡಿ" ಅಂದಳು.

ನನಗೆ ಆಗ ನೆನಪಾಗಿದ್ದು ಒಂದು ಕಲ್ಲಿನ ದುಂಬಿ.

ಹಳೇ ಈಜಿಪ್ಟಿನ ಬಗ್ಗೆ ಓದುವುದು ನನಗೆ ಕೆಲವು ವರ್ಷಗಳಿಂದ ಹತ್ತಿರುವ ಚಟ. ರಾತ್ರಿ ಪಾತ್ರೆ ತೊಳೆದಿಟ್ಟು, ಮನೆಯವರೆಲ್ಲ ಮಲಗಿದ ಮೇಲೆ ಒಂದು ಗಂಟೆ. ಪಿರಮಿಡ್ಡು, ಶಾಪ, ನಿಧಿ ಇವುಗಳಿಗಿಂತ ನನಗೆ ಜಾಸ್ತಿ ಹಿಡಿಸಿದ್ದು ಅಲ್ಲಿನ ರಾಜಮನೆತನದ ಮದುವೆಗಳು. ಯಾರು ಯಾರನ್ನು ಮದುವೆಯಾದರು, ಅದನ್ನು ಊರಿಗೆ ಹೇಗೆ ಹೇಳಿದರು, ಯಾವ ಹೆಸರು ಇಟ್ಟರು, ಯಾವ ಹೆಸರು ಅಳಿಸಿದರು. ಆ ದುಂಬಿ ಈ ಸಾಲಿಗೆ ಸೇರಿದ್ದು. ಸಗಣಿ ಉಂಡೆ ಉರುಳಿಸಿಕೊಂಡು ಹೋಗುವ ದುಂಬಿ ಅವರಿಗೆ ಸೂರ್ಯನ ಗುರುತು. ಅದರ ಆಕಾರದಲ್ಲಿ ಮೆದುಕಲ್ಲು ಕೆತ್ತಿ, ಹೊಳಪು ಕೊಟ್ಟು, ಹೊಟ್ಟೆಯ ಕಡೆ ಚಪ್ಪಟೆ ಮಾಡಿ ಅಕ್ಷರ ಕೊರೆಯುತ್ತಿದ್ದರು. ಇದಕ್ಕೆ ಸ್ಕಾರಬ್ ಅಂತ ಹೆಸರು. ಮೂರನೇ ಅಮೆನ್‌ಹೋಟೆಪ್ ಅನ್ನೋ ರಾಜ, ಸುಮಾರು ಕ್ರಿ.ಪೂ. 1390ರಿಂದ 1352ರವರೆಗೆ ಆಳಿದವನು, ಅಂಗೈಯಲ್ಲಿ ಕೂರುವಂಥ ದೊಡ್ಡ ಸ್ಕಾರಬ್‌ಗಳನ್ನು ರಾಶಿ ರಾಶಿ ಮಾಡಿಸಿ ಹಂಚಿದ. ಅದರಲ್ಲಿ ಒಂದು ಬಗೆಯದನ್ನು ಈಗಿನವರು 'ಮದುವೆ ಸ್ಕಾರಬ್' ಅಂತಲೇ ಕರೆಯುತ್ತಾರೆ. ಐವತ್ತಕ್ಕೂ ಹೆಚ್ಚು ಸಿಕ್ಕಿವೆ, ಈಜಿಪ್ಟಿನ ಆಚೆಗೂ.

ಅದರಲ್ಲಿ ಬರೆದಿರುವುದು ಇಷ್ಟು. ಮೊದಲು ರಾಜನ ಬಿರುದುಬಾವಲಿ. ಆಮೇಲೆ ಪಟ್ಟದರಾಣಿ ತಿಯೆಯ ಹೆಸರು. ಅವಳ ತಂದೆಯ ಹೆಸರು ಯುಯಾ. ತಾಯಿಯ ಹೆಸರು ತುಯಾ. ಅವಳು ಬಲಶಾಲಿಯಾದ ರಾಜನ ಹೆಂಡತಿ, ಆ ರಾಜನ ತೆಂಕಣ ಗಡಿ ಕರೋಯ್, ಬಡಗಣ ಗಡಿ ನಹರಿನ್. ಮುಗಿಯಿತು. ಒಂದು ಗಡಿ ಈಗಿನ ಸೂಡಾನಿನಲ್ಲಿ, ಇನ್ನೊಂದು ಯೂಫ್ರೆಟಿಸ್ ನದಿಯ ಕಡೆ.

ಯುಯಾ ಏನೂ ಕೂಲಿಯವನಲ್ಲ. ರಥದಳದಲ್ಲಿ ದೊಡ್ಡ ಹುದ್ದೆ, ಅಖ್ಮಿಮ್ ಊರಿನ ದೇವಸ್ಥಾನದಲ್ಲಿ ಪೂಜಾರಿಕೆ. ಆದರೆ ಅರಸುಮಗನಲ್ಲ. ತುಯಾ ಕೂಡ ಅಷ್ಟೇ. ಸ್ಕಾರಬ್‌ನಲ್ಲಿ ಅವರ ಹುದ್ದೆಯ ಮಾತೇ ಇಲ್ಲ. 'ನಿವೃತ್ತ ತಹಶೀಲ್ದಾರ್' ಅಂತ ಒಂದು ಸಾಲು ಸೇರಿಸಿ ಮಾವನ ಮರ್ಯಾದೆ ಏರಿಸುವ ಗೋಜಿಗೇ ರಾಜ ಹೋಗಿಲ್ಲ. ಬರೀ ಹೆಸರು. ಇವಳು ಇಂಥವರ ಮಗಳು, ಈಗ ನನ್ನ ಹೆಂಡತಿ, ನನ್ನ ರಾಜ್ಯ ಇಲ್ಲಿಂದ ಅಲ್ಲಿವರೆಗೆ. ಏನಾದರೂ ಕೇಳುವುದಿದೆಯಾ? ಆ ಕೊನೆಯ ಪ್ರಶ್ನೆ ಕಲ್ಲಿನ ಮೇಲೆ ಇಲ್ಲ, ಆದರೆ ನನಗೆ ಕೇಳಿಸುತ್ತದೆ.

ಇನ್ನೊಂದು ಸ್ಕಾರಬ್ ಆತನ ಆಳ್ವಿಕೆಯ ಹತ್ತನೇ ವರ್ಷದ್ದು. ಮಿತಾನಿ ದೇಶದ ರಾಜಕುಮಾರಿ ಗಿಲುಖೆಪಾ ಮದುವೆಯಾಗಿ ಬಂದಳು, ಜೊತೆಗೆ 317 ಹೆಂಗಸರ ಪರಿವಾರ, ಎಂಥ ಅಚ್ಚರಿ ಅಂತ ಅದರಲ್ಲಿದೆ. ಆದರೆ ಆ ಸುದ್ದಿಗೆ ಮುಂಚೆ ಏನಿದೆ ಗೊತ್ತಾ? ಪಟ್ಟದರಾಣಿ ತಿಯೆ, ತಂದೆ ಯುಯಾ, ತಾಯಿ ತುಯಾ. ಹೊಸ ಹೆಂಡತಿಯ ಲಗ್ನಪತ್ರಿಕೆಯಲ್ಲಿ ಹಳೇ ಹೆಂಡತಿಯ ಅಪ್ಪ ಅಮ್ಮನ ಹೆಸರು! ಅದೂ ಗಿಲುಖೆಪಾ ಒಬ್ಬ ರಾಜನ ಮಗಳು, ತಿಯೆ ಅಲ್ಲ.

1905ರಲ್ಲಿ ರಾಜರ ಕಣಿವೆಯಲ್ಲಿ ಯುಯಾ ತುಯಾರ ಸಮಾಧಿ ಸಿಕ್ಕಿತು. ಗಂಡ ಹೆಂಡತಿ ಇಬ್ಬರ ದೇಹವೂ ತುಂಬ ಚೆನ್ನಾಗಿ ಉಳಿದಿದೆ. ಮಲಗಿ ನಿದ್ದೆಹೋದ ಮುದುಕ ಮುದುಕಿಯ ಹಾಗೆ ಕಾಣುತ್ತಾರೆ. ಸಮಾಧಿಯಲ್ಲಿ ರಥ ಇತ್ತು, ಮೊಮ್ಮಗಳು ಸಿತಾಮುನಳ ಚಿತ್ರವಿರುವ ಕುರ್ಚಿ ಇತ್ತು. ಟುಟಾಂಖಾಮುನ್ ಸಮಾಧಿ 1922ರಲ್ಲಿ ಸಿಗುವವರೆಗೆ ಇಷ್ಟು ಸಾಮಾನು ಒಟ್ಟಿಗೆ ಸಿಕ್ಕ ಸಮಾಧಿ ಆ ಕಣಿವೆಯಲ್ಲಿ ಇರಲಿಲ್ಲ. ಆ ಟುಟಾಂಖಾಮುನ್ ಸಮಾಧಿಯೊಳಗೂ ಒಂದು ಪುಟ್ಟ ಪೆಟ್ಟಿಗೆ. ಅದರೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು. ಕೊನೆಯದರಲ್ಲಿ ಒಂದು ಎಳೆ ಜಡೆ, ಪೆಟ್ಟಿಗೆಯ ಮೇಲೆ ತಿಯೆಯ ಹೆಸರು. ಮೊಮ್ಮಗ ಅಜ್ಜಿಯ ಕೂದಲನ್ನು ಜೊತೆಗಿಟ್ಟುಕೊಂಡು ಮಣ್ಣಿಗೆ ಹೋಗಿದ್ದ. ಅದನ್ನು ಓದಿದ ದಿನ ನಾನು ಪುಸ್ತಕ ಮುಚ್ಚಿಟ್ಟು ಸುಮ್ನೆ ಕೂತಿದ್ದೆ.

ಒಂದು ತಪ್ಪೊಪ್ಪಿಗೆ. ನಾನು ಬಹಳ ದಿನ ಒಂದು ತಪ್ಪು ವಿಷಯವನ್ನು ನಂಬಿಕೊಂಡಿದ್ದೆ, ಬೇರೆಯವರಿಗೂ ಹೇಳಿದ್ದೆ. ಈಜಿಪ್ಟಿನಲ್ಲಿ ಪಟ್ಟದ ಹಕ್ಕು ಹೆಣ್ಣಿನ ಕಡೆಯಿಂದ ಬರುತ್ತಿತ್ತು, ಅದಕ್ಕೇ ರಾಜರು ಅಕ್ಕತಂಗಿಯರನ್ನೇ ಮದುವೆಯಾಗುತ್ತಿದ್ದರು ಅಂತ. ರಾಜಕುಮಾರಿಯೇ ಸಿಂಹಾಸನದ ಕೀಲಿಕೈ, ಅವಳ ಕೈ ಹಿಡಿದವನೇ ರಾಜ. ಕೇಳೋಕೆ ಎಷ್ಟು ಚೆಂದ. ನಮ್ಮ ಕರಾವಳಿಯ ಅಳಿಯಕಟ್ಟು ನೆನಪಾಗುತ್ತದೆ, ತಕ್ಷಣ ಒಪ್ಪಿಬಿಡುತ್ತೇವೆ. ಒಂದು ಕಾಲದಲ್ಲಿ ವಿದ್ವಾಂಸರೇ ಹಾಗೆ ಬರೆಯುತ್ತಿದ್ದರು. 1983ರಲ್ಲಿ ಗೇ ರಾಬಿನ್ಸ್ ಅನ್ನೋ ವಿದ್ವಾಂಸೆ ಅಮೆನ್‌ಹೋಟೆಪ್, ತಿಯೆ ಇದ್ದ ಹದಿನೆಂಟನೇ ರಾಜವಂಶದ ರಾಣಿಯರನ್ನೆಲ್ಲ ಒಬ್ಬೊಬ್ಬರಾಗಿ ತೆಗೆದು ನೋಡಿ, ಇದು ನಿಲ್ಲುವುದಿಲ್ಲ ಅಂತ ತೋರಿಸಿದರು. ನಿಜಕ್ಕೂ ತಿಯೆ ಒಬ್ಬಳೇ ಸಾಕು ಆ ವಾದ ಮುರಿಯಲು. ತಿಯೆಯ ಮಗ ಅಖೆನಾತೆನ್‌ನ ಪಟ್ಟದರಾಣಿ ನೆಫರ್ತಿತಿಯ ಅಪ್ಪ ಅಮ್ಮ ಯಾರು ಅಂತ ಎಲ್ಲೂ ಬರೆದಿಲ್ಲ, ಅವಳು 'ರಾಜನ ಮಗಳು' ಅಂತಲೂ ಎಲ್ಲೂ ಹೇಳಿಕೊಂಡಿಲ್ಲ. ದಂಡಯಾತ್ರೆಗಳಿಗೆ ಹೆಸರಾದ ಮೂರನೇ ಥುಟ್‌ಮೋಸ್‌ನ ತಾಯಿ ಇಸೆತ್ ಅರಮನೆಯ ಒಬ್ಬ ಚಿಕ್ಕ ರಾಣಿ. ಕೀಲಿಕೈ ಇಲ್ಲದೆಯೇ ಇವರ ಮನೆಯಲ್ಲಿ ಬಾಗಿಲು ತೆರೆದಿತ್ತು.

ಹಾಗಾದರೆ ಹಕ್ಕು ಬರುತ್ತಿದ್ದದ್ದು ಎಲ್ಲಿಂದ? ನನಗನ್ನಿಸುವ ಪ್ರಕಾರ, ಮೊದಲು ಪಟ್ಟ, ಆಮೇಲೆ ಹಕ್ಕು. ಸಿಂಹಾಸನದ ಮೇಲೆ ಕೂತಾದ ಮೇಲೆ ಕಥೆ ಬರೆಸುತ್ತಿದ್ದರು. ಮದುವೆ ಆ ಕಥೆಯ ಒಂದು ಅಧ್ಯಾಯ ಅಷ್ಟೇ. ಬೇಕಾದರೆ ಹಾಕುತ್ತಿದ್ದರು, ಬೇಡವಾದರೆ ಬಿಡುತ್ತಿದ್ದರು.

ಹತ್ಶೆಪ್ಸುತ್ ಕಥೆ ನೋಡಿ. ಒಂದನೇ ಥುಟ್‌ಮೋಸ್‌ನ ಮಗಳು, ಪಟ್ಟದರಾಣಿ ಅಹ್ಮೋಸೆಯ ಹೊಟ್ಟೆಯಲ್ಲಿ ಹುಟ್ಟಿದವಳು. ಮದುವೆಯಾದದ್ದು ಮಲತಮ್ಮ ಎರಡನೇ ಥುಟ್‌ಮೋಸ್‌ನನ್ನು. ಗಂಡ ಸತ್ತಾಗ ಸವತಿಯ ಮಗ ಇನ್ನೂ ಚಿಕ್ಕವನು. ಅವನ ಪರವಾಗಿ ರಾಜ್ಯಭಾರ ನೋಡಿಕೊಂಡವಳು ಕೆಲವೇ ವರ್ಷಗಳಲ್ಲಿ ತಾನೇ ಫರೋ, ಅಂದರೆ ಈಜಿಪ್ಟಿನ ರಾಜ, ಆದಳು, ಗಡ್ಡ ಕಟ್ಟಿಕೊಂಡ ಮೂರ್ತಿ ಮಾಡಿಸಿಕೊಂಡಳು. 'ನಾನು ರಾಜನ ಹೆಂಡತಿಯಾಗಿದ್ದೆ' ಅನ್ನೋದು ಅವಳ ಕೈಲಿದ್ದ ಸುಲಭದ ಕಾರಣ. ಅವಳು ಅದನ್ನು ಮುಂದೆ ಮಾಡಲಿಲ್ಲ. ದೇರ್ ಎಲ್ ಬಹ್ರಿಯ ತನ್ನ ದೇವಾಲಯದ ಗೋಡೆಯ ಮೇಲೆ ಬೇರೆಯೇ ಕಥೆ ಕೆತ್ತಿಸಿದಳು. ಅಮುನ್ ದೇವರು ಅವಳ ತಂದೆಯ ರೂಪ ತಾಳಿ ಅವಳ ತಾಯಿಯ ಕೋಣೆಗೆ ಬಂದ. ದೇವರ ಮೈಯ ಪರಿಮಳಕ್ಕೆ ತಾಯಿಗೆ ಎಚ್ಚರವಾಯಿತು. ಖ್ನುಮ್ ದೇವರು ಕುಂಬಾರನ ತಿಗರಿಯ ಮೇಲೆ ಮಗುವನ್ನು ತಟ್ಟಿ ರೂಪ ಕೊಟ್ಟ. ಕಪ್ಪೆತಲೆಯ ದೇವಿ ಹೆಕೆತ್ ಜೀವ ಕೊಟ್ಟಳು. ನಮಗೆ ಕುಂತಿಯ ಕಥೆ ಗೊತ್ತಿರುವುದರಿಂದ ಇದೇನೂ ಹೊಸದು ಅನ್ನಿಸುವುದಿಲ್ಲ. ಆದರೆ ಇಲ್ಲಿ ಮಗುವೇ ದೊಡ್ಡದಾದ ಮೇಲೆ ತನ್ನ ಹುಟ್ಟಿನ ಕಥೆಯನ್ನು ಗೋಡೆಗೆ ಬರೆಸಿದೆ! ಮೂರನೇ ಅಮೆನ್‌ಹೋಟೆಪ್ ಕೂಡ ಆಮೇಲೆ ಲಕ್ಸರ್ ದೇವಾಲಯದಲ್ಲಿ ತನ್ನ ತಾಯಿ ಮುತೆಮ್ವಿಯಾಳ ಹೆಸರಿಟ್ಟು ಇದೇ ಕಥೆಯನ್ನು ಕೆತ್ತಿಸಿದ.

ಸವತಿಯ ಮಗನ ಕಥೆ ನನಗೆ ಇನ್ನೂ ಇಷ್ಟ. ಮೂರನೇ ಥುಟ್‌ಮೋಸ್ ಕರ್ನಾಕ್ ದೇವಾಲಯದಲ್ಲಿ ಬರೆಸಿದ್ದು: ತಾನು ಹುಡುಗನಾಗಿ ದೇವಸ್ಥಾನದಲ್ಲಿದ್ದಾಗ ಅಮುನ್ ದೇವರ ಉತ್ಸವ ಬಂತು, ದೇವರು ತನ್ನನ್ನು ಹುಡುಕಿಕೊಂಡು ಬಂದು ತನ್ನ ಮುಂದೆ ನಿಂತ. ನಮ್ಮ ಕಡೆ ಅಡ್ಡಪಲ್ಲಕ್ಕಿ ಹೊತ್ತವರು ತೂರಾಡಿಕೊಂಡು ಬಂದು ಒಬ್ಬರ ಮುಂದೆ ನಿಂತು ಹೇಳಿಕೆ ಕೊಡುವುದನ್ನು ನೋಡಿದವರಿಗೆ ಆ ದೃಶ್ಯ ಕಣ್ಣಿಗೆ ಕಟ್ಟುತ್ತದೆ. ಹೊತ್ತವರ ಹೆಗಲು ಯಾರ ಮಾತು ಕೇಳುತ್ತದೆ ಅನ್ನೋದು ಬೇರೆ ವಿಷಯ.

ಅಕ್ಕತಂಗಿಯರ ಮದುವೆಯ ಮಾತಿಗೆ ಬರೋಣ. ಈಜಿಪ್ಟ್ ಅಂದ ಕೂಡಲೇ ಎಲ್ಲರೂ 'ಛೀ' ಅನ್ನುವ ಜಾಗ ಇದು. ರಾಜರಲ್ಲಿ ಇದು ಇತ್ತು ಅನ್ನೋದರಲ್ಲಿ ಅನುಮಾನ ಇಲ್ಲ. ಒಸಿರಿಸ್ ಐಸಿಸ್ ಅಣ್ಣ ತಂಗಿ, ಗಂಡ ಹೆಂಡತಿ. ದೇವರು ಮಾಡಿದ್ದನ್ನು ರಾಜ ಮಾಡಿದರೆ ಅವನೂ ದೇವರ ಸಾಲಿನವನು. ಜೊತೆಗೆ ಆಸ್ತಿ, ಅಧಿಕಾರ ಹೊರಗೆ ಹೋಗುವುದಿಲ್ಲ, ಅಳಿಯಂದಿರ ಕಾಟ ಇಲ್ಲ. ಕೆಲವು ರಾಜರು ಮಗಳಿಗೇ ಪಟ್ಟದರಾಣಿ ಬಿರುದು ಕೊಟ್ಟಿದ್ದಾರೆ. ಅಮೆನ್‌ಹೋಟೆಪ್ ಸಿತಾಮುನಳಿಗೆ, ಎರಡನೇ ರಾಮ್ಸೆಸ್ ಬಿಂತನಾಥ್, ಮೆರಿತಾಮುನ್ ಮುಂತಾದ ಮಕ್ಕಳಿಗೆ. 2010ರಲ್ಲಿ ಪ್ರಕಟವಾದ ಡಿಎನ್‌ಎ ಪರೀಕ್ಷೆಯ ಪ್ರಕಾರ ಟುಟಾಂಖಾಮುನ್‌ನ ಅಪ್ಪ ಅಮ್ಮ ಒಡಹುಟ್ಟಿದವರು. ಅವನ ಸಮಾಧಿಯಲ್ಲಿ ದಿನ ತುಂಬದೆ ಹೋದ ಎರಡು ಹೆಣ್ಣುಕೂಸುಗಳ ಪುಟ್ಟ ಪೆಟ್ಟಿಗೆಗಳಿದ್ದವು. ಅದರ ಬಗ್ಗೆ ಇನ್ನು ಜಾಸ್ತಿ ಬರೆಯಲು ಕೈ ಬರುವುದಿಲ್ಲ.

ಆದರೆ ಸಾಮಾನ್ಯ ಜನರೂ ಹಾಗೇ ಮಾಡುತ್ತಿದ್ದರು ಅನ್ನೋ ಮಾತಿನ ಹಿಂದೆ ಒಂದು ತಮಾಷೆ ಇದೆ. ಅವರ ಭಾಷೆಯಲ್ಲಿ 'ಸೆನೆತ್' ಅಂದರೆ ಅಕ್ಕ ಅಥವಾ ತಂಗಿ. ಹದಿನೆಂಟನೇ ರಾಜವಂಶದ ಕಾಲದಿಂದ ಹೆಂಡತಿಯನ್ನೂ ಅದೇ ಪದದಿಂದ ಕರೆಯತೊಡಗಿದರು. ಪ್ರೇಮಗೀತೆಗಳಲ್ಲಿ ಪ್ರೇಮಿಗಳು ಒಬ್ಬರಿಗೊಬ್ಬರು ಅಣ್ಣ, ತಂಗಿ. ಹಿಂದಿನ ಓದುಗರು ಅದನ್ನು ಅಕ್ಷರಶಃ ತೆಗೆದುಕೊಂಡರು.

ಇದನ್ನು ಓದಿದಾಗ ನನಗೆ ನಮ್ಮಜ್ಜಿಯ ನೆನಪು. ಅಜ್ಜಿಯನ್ನು ಕೊಟ್ಟದ್ದು ಅವಳ ಸ್ವಂತ ಸೋದರಮಾವನಿಗೆ. ಅಜ್ಜನ ಹೆಸರು ಹೇಳುವ ಹಾಗಿಲ್ಲವಲ್ಲ, ಅದಕ್ಕೆ ಸಾಯುವ ತನಕ ಅವಳು ಅಜ್ಜನನ್ನು 'ಮಾವ' ಅಂತಲೇ ಕರೆದಳು. ಈಗ ಯೋಚನೆ ಮಾಡಿ. ನಮ್ಮ ಮಾತಿನಲ್ಲಿ ಅಮ್ಮನ ತಮ್ಮ ಮಾವ, ಗಂಡನ ಅಪ್ಪ ಮಾವ, ಅಪ್ಪನ ತಂಗಿಯ ಗಂಡನೂ ಮಾವ. ಅಪ್ಪನ ತಂಗಿ ಅತ್ತೆ, ಗಂಡನ ತಾಯಿಯೂ ಅತ್ತೆ. ಅಣ್ಣನ ಮಗಳು ನನಗೆ ಸೊಸೆ, ನನ್ನ ಮಗನಿಗೆ ಯಾರನ್ನೇ ತಂದರೂ ಅವಳೂ ಸೊಸೆ. ಇನ್ನು ಮೂರು ಸಾವಿರ ವರ್ಷ ಆದ ಮೇಲೆ ಯಾರೋ ನಮ್ಮನೆಯ ಕಾಗದಪತ್ರ ಅಗೆದು ತೆಗೆದರೆ? ನಮ್ಮಜ್ಜಿಯ ವಿಷಯದಲ್ಲಿ ಪದವನ್ನು ನಂಬಿದರೆ ಸರಿಯಾಗುತ್ತದೆ, ನನ್ನ ವಿಷಯದಲ್ಲಿ ನಂಬಿದರೆ ತಪ್ಪಾಗುತ್ತದೆ. 'ನಮ್ಮ ಯಜಮಾನರು' ಅಂತ ಬರೆದದ್ದು ಸಿಕ್ಕರಂತೂ ನಾನು ಮನೆಯ ಆಳು ಅಂತ ತೀರ್ಮಾನ ಮಾಡಿಯಾರು. ಯಜಮಾನರಿಗೆ ಇದನ್ನು ಓದಿ ಹೇಳಿದೆ, ನಕ್ಕರು, ಕಾಫಿ ಕೇಳಿದರು.

ಅಲ್ಲಿನ ಸಾಮಾನ್ಯರ ಮದುವೆಗೆ ಮಂತ್ರ, ಶಾಸ್ತ್ರ ಇತ್ತು ಅನ್ನೋದಕ್ಕೆ ಆಧಾರ ಇಲ್ಲ. ಅವರ ಭಾಷೆಯಲ್ಲಿ ಮದುವೆಯಾಗುವುದು ಅಂದರೆ 'ಮನೆ ಹೂಡುವುದು'. ನಾವು ಸಂಸಾರ ಹೂಡುವುದು ಅನ್ನುತ್ತೇವಲ್ಲ, ಹಾಗೆ. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಅನ್ನೋ ಗಾದೆಯನ್ನು ಅವರಿಗೆ ಹೇಳಿದ್ದರೆ, ಎರಡೂ ಒಂದೇ ಅಲ್ವಾ ಅಂತ ಕೇಳುತ್ತಿದ್ದರೇನೋ.

ಒಡಹುಟ್ಟಿದವರ ಮದುವೆಯನ್ನು ನಿಯಮದ ಹಾಗೆ ಮಾಡಿಕೊಂಡವರು ಬಹಳ ಕಾಲದ ಮೇಲೆ ಬಂದ ಗ್ರೀಕ್ ಮೂಲದ ಟಾಲೆಮಿಗಳು. ಎರಡನೇ ಟಾಲೆಮಿ ತನ್ನ ಒಡಹುಟ್ಟಿದ ಅಕ್ಕ ಎರಡನೇ ಅರ್ಸಿನೋಯಿಯನ್ನು ಮದುವೆಯಾದ. ಅವಳಿಗೆ ಅದು ಮೂರನೇ ಮದುವೆ. ಎರಡನೇ ಗಂಡ ಮದುವೆಯ ಬೆನ್ನಿಗೇ ಅವಳ ಇಬ್ಬರು ಚಿಕ್ಕ ಗಂಡುಮಕ್ಕಳನ್ನು ಕೊಂದಿದ್ದ. ಆ ಗಂಡನೂ ಅವಳ ಮಲಸೋದರನೇ. ಗ್ರೀಕರಿಗೆ ಈ ಮದುವೆ ಅಸಹ್ಯ. ಸೊಟಾಡಿಸ್ ಅನ್ನೋ ಕವಿ ಹೊಲಸು ಪದ್ಯ ಕಟ್ಟಿದ. ಅವನನ್ನು ಸೀಸದ ಪೆಟ್ಟಿಗೆಯಲ್ಲಿಟ್ಟು ಸಮುದ್ರಕ್ಕೆ ಎಸೆದರು ಅಂತ ಹಳೆಯ ಕಥೆ. ಕ್ಲಿಯೋಪಾತ್ರಳ ಹೊತ್ತಿಗೆ ಎಲ್ಲ ಮಾಮೂಲಾಗಿತ್ತು, ಇಬ್ಬರು ತಮ್ಮಂದಿರ ಜೊತೆ ಒಬ್ಬರಾದ ಮೇಲೆ ಒಬ್ಬರಂತೆ ಅವಳು ಪಟ್ಟ ಹಂಚಿಕೊಂಡಳು. ಟಾಲೆಮಿಗಳ ಮನೆಯ ಕೊಲೆ ಲೆಕ್ಕ ಬರೆಯಲು ಇನ್ನೊಂದು ಬ್ಲಾಗ್ ಬೇಕು. ಬಿಡಿ.

ನನಗೆ ಬೇಕಾದದ್ದು ಕಾಗದಗಳು. 1887ರಲ್ಲಿ ಅಮರ್ನಾ ಅನ್ನೋ ಕಡೆ ಮಣ್ಣಿನ ಹಲಗೆಗಳು ಸಿಕ್ಕವು, ಒಟ್ಟು ಸುಮಾರು 380. ಬೆಣೆಯಾಕಾರದ ಲಿಪಿ, ಬಹುಪಾಲು ಅಕ್ಕಾಡಿಯನ್ ಭಾಷೆ. ಆಗಿನ ರಾಜರ ನಡುವಿನ ಪತ್ರವ್ಯವಹಾರ. ಅದರಲ್ಲಿ ಅರ್ಧ ಮದುವೆ ಮಾತುಕತೆ, ಇನ್ನರ್ಧ ಚಿನ್ನದ ಚೌಕಾಸಿ ಅಂತ ನಾನು ಹೇಳಿದರೆ ಸ್ವಲ್ಪ ಉತ್ಪ್ರೇಕ್ಷೆ, ಸ್ವಲ್ಪ ಮಾತ್ರ.

ಅರ್ಜಾವಾ ದೇಶದ ರಾಜನಿಗೆ ಅಮೆನ್‌ಹೋಟೆಪ್ ಬರೆಯುತ್ತಾನೆ: ನನ್ನ ದೂತ ಇರ್ಷಪ್ಪನನ್ನು ಕಳಿಸಿದ್ದೇನೆ, ನನಗೆ ಕೊಡುವ ಹುಡುಗಿಯನ್ನು ಅವನು ನೋಡಲಿ, ಅವಳ ತಲೆಗೆ ಎಣ್ಣೆ ಹಾಕಲಿ. ಹೆಣ್ಣು ನೋಡುವ ಶಾಸ್ತ್ರ, ಎಣ್ಣೆ ಶಾಸ್ತ್ರ ಎರಡೂ ಒಂದೇ ದಿನ. ದೂತನ ಹೆಸರಂತೂ ನಮ್ಮೂರ ಯಾರೋ ಈರಪ್ಪನ ಹಾಗೆ ಕೇಳಿಸುತ್ತದೆ. (ಸಂಬಂಧ ಏನೂ ಇಲ್ಲ, ಯಾರೂ ವಾಟ್ಸಾಪಿನಲ್ಲಿ ಫಾರ್ವರ್ಡ್ ಮಾಡಬೇಡಿ.)

ಬಾಬಿಲೋನಿನ ರಾಜ ಕದಷ್ಮನ್ ಎನ್ಲಿಲ್ ಒಂದು ಪತ್ರದಲ್ಲಿ ಈಜಿಪ್ಟಿನ ರಾಜಕುಮಾರಿಯನ್ನು ತನಗೆ ಕೊಡಿ ಅಂತ ಕೇಳಿದ್ದ. ಬಂದ ಉತ್ತರ: ಅನಾದಿಕಾಲದಿಂದ ಈಜಿಪ್ಟಿನ ರಾಜನ ಮಗಳನ್ನು ಯಾರಿಗೂ ಕೊಟ್ಟಿಲ್ಲ. ಇವರು ಎಲ್ಲರ ಮನೆಯ ಹೆಣ್ಣು ತರುತ್ತಾರೆ, ಯಾರಿಗೂ ಕೊಡುವುದಿಲ್ಲ. ಹೆಣ್ಣು ಕೊಟ್ಟವನು ಒಂದು ಮೆಟ್ಟಿಲು ಕೆಳಗೆ ಅನ್ನೋ ಲೆಕ್ಕ ನಮಗೆ ಯಾರೂ ಬಿಡಿಸಿ ಹೇಳಬೇಕಿಲ್ಲ, ಅಲ್ವಾ? ಕದಷ್ಮನ್ ಎನ್ಲಿಲ್ ಬಿಡುವ ಆಸಾಮಿಯಲ್ಲ. ಹಾಗಾದರೆ ನಿಮ್ಮಲ್ಲಿ ಯಾರದಾದರೂ ಬೆಳೆದ, ಚೆಂದದ ಹುಡುಗಿ ಇರುತ್ತಾಳಲ್ಲ, ನಿಮ್ಮ ಮಗಳು ಅನ್ನೋ ಹಾಗೆ ಕಳಿಸಿಕೊಡಿ. ಇವಳು ರಾಜನ ಮಗಳಲ್ಲ ಅಂತ ಇಲ್ಲಿ ಯಾರು ಹೇಳುತ್ತಾರೆ? ಮೂರು ಸಾವಿರ ವರ್ಷದ ಹಿಂದಿನ ಈ ಮಾತಿಗೆ ನಾನು ಗಟ್ಟಿಯಾಗಿ ನಕ್ಕಿದ್ದೇನೆ. ಅವನಿಗೆ ಹುಡುಗಿಯೂ ಬೇಡ, ರಕ್ತವೂ ಬೇಡ. ಊರ ಮುಂದೆ ಹೇಳಿಕೊಳ್ಳಲು ಒಂದು ಹೆಸರು ಸಾಕು.

ಇನ್ನೊಂದು ಹಲಗೆ ಓದಿದರೆ ನಗು ನಿಂತುಹೋಗುತ್ತದೆ. ಕದಷ್ಮನ್ ಎನ್ಲಿಲ್‌ನ ಅಕ್ಕನೋ ತಂಗಿಯೋ ಮೊದಲೇ ಈಜಿಪ್ಟಿನ ಅಂತಃಪುರ ಸೇರಿದ್ದಳು. ಅವಳನ್ನು ಯಾರೂ ನೋಡಿಲ್ಲ, ಬದುಕಿದ್ದಾಳೋ ಸತ್ತಿದ್ದಾಳೋ ಗೊತ್ತಿಲ್ಲ ಅಂತ ಅವನ ದೂರು. ಅಮೆನ್‌ಹೋಟೆಪ್ ಉತ್ತರ: ಅವಳ ಗುರುತು ಇರುವ ದೊಡ್ಡ ಮನುಷ್ಯ ಯಾರನ್ನಾದರೂ ಕಳಿಸಿದ್ದೀಯಾ? ನೀನು ಕಳಿಸಿದವರು ಲೆಕ್ಕಕ್ಕಿಲ್ಲದವರು, ಒಬ್ಬ ಕತ್ತೆ ಕಾಯುವವನು. ಹೆಂಡತಿಯರೆಲ್ಲ ಸೇರಿದ್ದಾಗ, ಇಗೋ ನಿಮ್ಮ ಒಡತಿ ನಿಂತಿದ್ದಾಳೆ ಅಂತ ತೋರಿಸಿದರೂ ಅವರಿಗೆ ಗುರುತು ಸಿಗಲಿಲ್ಲ. ಪತ್ರದ ತುಂಬ ಗಂಡಸರಿಬ್ಬರ ಜಗಳ. ಅಲ್ಲೇ ನಿಂತಿದ್ದ ಆ ಹೆಂಗಸು ಏನಂದಳು ಅನ್ನೋದಕ್ಕೆ ಒಂದು ಸಾಲೂ ಇಲ್ಲ.

ಟುಟಾಂಖಾಮುನ್ ಸುಮಾರು ಹದಿನೆಂಟು ಹತ್ತೊಂಬತ್ತು ವಯಸ್ಸಿಗೆ ತೀರಿಕೊಂಡ. ಹೆಂಡತಿ ಅಂಖೆಸೆನಾಮುನ್, ನೆಫರ್ತಿತಿಯ ಮಗಳು. ಅವನ ಚಿನ್ನದ ಸಿಂಹಾಸನದ ಬೆನ್ನಿನ ಮೇಲೆ ಅವಳು ಗಂಡನ ಹೆಗಲಿಗೆ ಸುಗಂಧ ಹಚ್ಚುತ್ತಿರುವ ಚಿತ್ರವಿದೆ. ಇದೇ ಕಾಲದ ಸುತ್ತಮುತ್ತ ಈಗಿನ ಟರ್ಕಿಯ ಕಡೆ ಆಳುತ್ತಿದ್ದ ಹಿತ್ತೈತರ ರಾಜ ಸುಪ್ಪಿಲುಲಿಯುಮನಿಗೆ ಈಜಿಪ್ಟಿನ ವಿಧವೆ ರಾಣಿಯೊಬ್ಬಳಿಂದ ಪತ್ರ ಬಂತು. ಅವನು ಆಗ ಕಾರ್ಕೆಮಿಶ್ ಕೋಟೆಗೆ ಮುತ್ತಿಗೆ ಹಾಕಿದ್ದ. ಅವನ ಮಗ ಮುರ್ಸಿಲಿ ಇದನ್ನು ಬರೆಸಿಟ್ಟಿದ್ದಾನೆ. ನನ್ನ ಗಂಡ ಸತ್ತ, ನನಗೆ ಗಂಡುಮಕ್ಕಳಿಲ್ಲ. ನಿನಗೆ ಬಹಳ ಗಂಡುಮಕ್ಕಳಿದ್ದಾರಂತೆ. ಒಬ್ಬನನ್ನು ಕೊಟ್ಟರೆ ನನ್ನ ಗಂಡನಾಗುತ್ತಾನೆ. ನನ್ನ ಆಳನ್ನು ಗಂಡ ಅಂತ ಒಪ್ಪಿಕೊಳ್ಳಲಾರೆ. ನನಗೆ ಹೆದರಿಕೆಯಾಗುತ್ತಿದೆ.

ಸುಪ್ಪಿಲುಲಿಯುಮ ನಂಬಲಿಲ್ಲ. ಜನ್ಮದಲ್ಲಿ ಇಂಥದ್ದು ಕಂಡಿಲ್ಲ ಅಂದ. ನಿಜವೋ ಸುಳ್ಳೋ ನೋಡಿ ಬರಲು ದೂತನನ್ನು ಕಳಿಸಿದ. ಚಳಿಗಾಲ ಕಳೆಯಿತು. ರಾಣಿಯ ಎರಡನೇ ಪತ್ರದಲ್ಲಿ ಸಿಟ್ಟು ಕಾಣುತ್ತದೆ. ಮೋಸ ಅಂತ ಯಾಕೆ ಅನುಮಾನ? ನನಗೆ ಮಗನಿದ್ದಿದ್ದರೆ ನನ್ನ ದೇಶದ ಅವಮಾನವನ್ನು ಪರದೇಶಕ್ಕೆ ಬರೆಯುತ್ತಿದ್ದೆನಾ? ಆಗ ಅವನು ಮಗ ಜನ್ನಂಜಾನನ್ನು ಕಳಿಸಿದ. ಜನ್ನಂಜಾ ಹೆಣವಾದ. ಹಿತ್ತೈತರು ಇದು ಈಜಿಪ್ಟಿನವರ ಕೆಲಸ ಅಂತ ಯುದ್ಧಕ್ಕೆ ಹೋದರು. ಹಿಡಿದು ತಂದ ಸೆರೆಯಾಳುಗಳ ಜೊತೆ ಪಿಡುಗೂ ಬಂತು, ವರ್ಷಗಟ್ಟಲೆ ಜನ ಸತ್ತರು.

ಆ ರಾಣಿ ಅಂಖೆಸೆನಾಮುನ್ ಅಂತ ಬಹಳ ಜನ ನಂಬುತ್ತಾರೆ, ಒಪ್ಪದವರೂ ಇದ್ದಾರೆ. ಹಿತ್ತೈತ ದಾಖಲೆಯಲ್ಲಿ ಅವಳನ್ನು 'ದಹಮುಂಜು' ಅಂತ ಕರೆದಿದೆ. ಬರೆದವನು ಅದನ್ನು ಹೆಸರು ಅಂದುಕೊಂಡಿದ್ದಾನೆ. ಈಜಿಪ್ಟಿನ ಮಾತಿನಲ್ಲಿ ಅದರ ಅರ್ಥ 'ರಾಜನ ಹೆಂಡತಿ' ಅಷ್ಟೇ.

ಮುಂದಿನ ರಾಜ ಅಯ್. ವಯಸ್ಸಾದವನು, ಅಖೆನಾತೆನ್ ಅಮರ್ನಾದಿಂದ ಆಳುತ್ತಿದ್ದ ಕಾಲದಿಂದ ಆಸ್ಥಾನದಲ್ಲಿದ್ದವನು. ಅಂಖೆಸೆನಾಮುನ್ ಮತ್ತು ಅಯ್ ಇಬ್ಬರ ಹೆಸರೂ ಒಟ್ಟಿಗಿರುವ ಒಂದು ಉಂಗುರ ಸಿಕ್ಕಿದೆ. ಆಮೇಲೆ ಅವಳ ಸುದ್ದಿ ಇಲ್ಲ. ಅಯ್‌ನ ಸಮಾಧಿಯಲ್ಲಿ ಅವನ ಪಕ್ಕ ಇರುವುದು ಮೊದಲ ಹೆಂಡತಿ ತೇಯ್. ಆ ಉಂಗುರದಿಂದಲೇ ಅವನಿಗೆ ಪಟ್ಟ ಬಂತು ಅನ್ನುವವರಿದ್ದಾರೆ. ಆದರೆ ಅವನು ಗೋಡೆಯ ಮೇಲೆ ಬರೆಸಿದ್ದು ಮದುವೆಯನ್ನಲ್ಲ. ಟುಟಾಂಖಾಮುನ್ ಸಮಾಧಿಯ ಉತ್ತರದ ಗೋಡೆ ನೋಡಿ. ಚಿರತೆ ಚರ್ಮ ಹೊದ್ದು, ತಲೆಗೆ ನೀಲಿ ಕಿರೀಟ ಇಟ್ಟುಕೊಂಡು ಅಯ್ ನಿಂತಿದ್ದಾನೆ. ಕೈಯಲ್ಲಿ ಬಾಚಿಯಂಥ ಉಪಕರಣ. ಸತ್ತ ರಾಜನ 'ಬಾಯಿ ತೆರೆಯುವ' ಕರ್ಮ ಮಾಡುತ್ತಿದ್ದಾನೆ. ಅದು ಮಗ ಮಾಡಬೇಕಾದ ಕೆಲಸ. ಅಪ್ಪನನ್ನು ಮಣ್ಣು ಮಾಡಿದವನೇ ವಾರಸುದಾರ ಅನ್ನೋದು ಅವರ ನಂಬಿಕೆ, ಹೋರಸ್ ದೇವರು ತನ್ನ ಅಪ್ಪ ಒಸಿರಿಸ್‌ಗೆ ಮಾಡಿದ ಹಾಗೆ. ಅಜ್ಜನ ವಯಸ್ಸಿನವನು ಮೊಮ್ಮಗನ ವಯಸ್ಸಿನವನಿಗೆ ಮಗನಾಗಿ ನಿಂತ. ಕೊಳ್ಳಿ ಇಡುವವರು ಯಾರು ಅಂತ ನಮ್ಮ ಮನೆಗಳಲ್ಲಿ ಪಿಸುಪಿಸು ಶುರುವಾಗುವುದು ಯಾಕೆ ಅಂತ ಎಲ್ಲರಿಗೂ ಗೊತ್ತು.

ಅಯ್ ಆದ ಮೇಲೆ ದಂಡನಾಯಕ ಹೋರೆಮ್ಹೆಬ್ ಬಂದ, ಟುಟಾಂಖಾಮುನ್ ಹೆಸರಿದ್ದ ಕಡೆ ತನ್ನ ಹೆಸರು ಕೆತ್ತಿಸಿಕೊಂಡ. ಅವನ ಹಿಂದೆ ರಾಮ್ಸೆಸ್‌ಗಳು, ಅವರೂ ಸೈನ್ಯದಿಂದ ಬಂದವರು, ರಾಜರಕ್ತ ಇಲ್ಲ. ಅಬಿಡಾಸ್ ದೇವಾಲಯದ ಗೋಡೆಯ ಮೇಲೆ ಒಂದನೇ ಸೇಟಿ ಹಳೇ ರಾಜರ ಪಟ್ಟಿ ಕೆತ್ತಿಸಿದ್ದಾನೆ. ಮೂರನೇ ಅಮೆನ್‌ಹೋಟೆಪ್ ಆದ ಕೂಡಲೇ ಹೋರೆಮ್ಹೆಬ್. ನಡುವಿನ ಅಖೆನಾತೆನ್, ಟುಟಾಂಖಾಮುನ್, ಅಯ್ ಯಾರೂ ಇಲ್ಲ. ಮೇಲೆ ಹುಡುಕಿದರೆ ಹತ್ಶೆಪ್ಸುತ್ ಕೂಡ ಇಲ್ಲ. ಪ್ರೂಫ್ ತಿದ್ದುವುದು ಅಂದರೆ ಇದು. ನಾವು ಇಬ್ಬರನ್ನು ತೆಗೆದದ್ದಕ್ಕೇ ಇಷ್ಟು ರಾದ್ಧಾಂತ.

ಎರಡನೇ ರಾಮ್ಸೆಸ್ ಈ ಹೊಸ ಮನೆತನದ ಮೂರನೇ ತಲೆಮಾರು. ಹಿತ್ತೈತರ ಜೊತೆ ಕದೇಶ್‌ನಲ್ಲಿ ಯುದ್ಧ ಮಾಡಿದ, ಆಮೇಲೆ ಕ್ರಿ.ಪೂ. 1259ರ ಸುಮಾರಿಗೆ ಒಪ್ಪಂದ ಮಾಡಿಕೊಂಡ. ಒಪ್ಪಂದದ ಬೆನ್ನಿಗೆ ಮದುವೆ ಮಾತು. ಹೆಣ್ಣಿನ ತಾಯಿ ರಾಣಿ ಪುದುಹೆಪಾ. ಹೆಣ್ಣು ಕಳಿಸಲು ಯಾಕೆ ತಡ, ವರದಕ್ಷಿಣೆ ಎಲ್ಲಿ ಅಂತ ರಾಮ್ಸೆಸ್ ಪೀಡಿಸಿದ್ದಕ್ಕೆ ಅವಳು ಬರೆದ ಉತ್ತರ ಉಳಿದಿದೆ. ನಮ್ಮ ಉಗ್ರಾಣ ಸುಟ್ಟುಹೋಗಿದೆ ಅಂತ ನಿನಗೆ ಗೊತ್ತು. ನನ್ನ ಅಣ್ಣನಾದ ನಿನ್ನ ಹತ್ತಿರ ಏನೂ ಇಲ್ಲವಾ? ಸೂರ್ಯದೇವರ ಮಗನ ಹತ್ತಿರ ಏನೂ ಇಲ್ಲದಿದ್ದರೆ, ಮಳೆದೇವರ ಮಗನ ಹತ್ತಿರ ಏನೂ ಇಲ್ಲದಿದ್ದರೆ, ಸಮುದ್ರದ ಹತ್ತಿರ ಏನೂ ಇಲ್ಲದಿದ್ದರೆ, ಆಗ ನಿನ್ನ ಹತ್ತಿರವೂ ಇಲ್ಲ ಅಂತ ನಂಬುತ್ತೇನೆ. ನನ್ನಿಂದ ಕಿತ್ತುಕೊಂಡು ಸಿರಿವಂತನಾಗಬೇಕು ಅನ್ನೋದು ನಿನ್ನ ಹೆಸರಿಗೂ ಶೋಭೆಯಲ್ಲ, ದೊಡ್ಡತನಕ್ಕೂ ಶೋಭೆಯಲ್ಲ. ವರದಕ್ಷಿಣೆ ಕೇಳಿದ ಬೀಗರಿಗೆ ಇಂಥ ಉತ್ತರ ಕೊಟ್ಟ ಇನ್ನೊಬ್ಬ ತಾಯಿಯನ್ನು ನಾನು ಓದಿಲ್ಲ. ಅದೇ ಪತ್ರದಲ್ಲಿ ಇನ್ನೊಂದು ಮಾತೂ ಬರುತ್ತದೆ. ಈಜಿಪ್ಟಿಗೆ ಕೊಟ್ಟ ಬಾಬಿಲೋನಿನ ಹೆಣ್ಣನ್ನು ನೋಡಲು ಹೋದ ದೂತರನ್ನು ಹೊರಗೇ ನಿಲ್ಲಿಸಿದರಂತೆ ಅಂತ. ತಾಯಿಯ ಹೆದರಿಕೆ ಅಲ್ಲಿತ್ತು.

ಮದುವೆಯಾಯಿತು. ರಾಮ್ಸೆಸ್‌ನ ಆಳ್ವಿಕೆಯ 34ನೇ ವರ್ಷ. ಅಬು ಸಿಂಬೆಲ್‌ನ ಶಾಸನದಲ್ಲಿ ಅವನು ಬರೆಸಿದ್ದು, ಹಿತ್ತೈತರ ರಾಜ ಹೆದರಿ ಮಗಳನ್ನು ಕಾಣಿಕೆಯಾಗಿ ತಂದೊಪ್ಪಿಸಿದ ಅಂತ. ಚಳಿಗಾಲದ ದಾರಿಯಲ್ಲಿ ಹಿಮ ಬೀಳದಿರಲಿ ಅಂತ ತಾನು ಸೆತ್ ದೇವರನ್ನು ಬೇಡಿಕೊಂಡೆ, ಬಿಸಿಲು ಬಂತು ಅಂತ. ಪುದುಹೆಪಾ ಬೈದ ಸುದ್ದಿ ಶಾಸನದಲ್ಲಿಲ್ಲ. ಹುಡುಗಿಯ ತವರಿನ ಹೆಸರೂ ಇಲ್ಲ, ಅದು ಎಲ್ಲೂ ಉಳಿದಿಲ್ಲ. ಅವಳಿಗೆ ಮಾತ್‌ಹೋರ್‌ನೆಫರುರೆ ಅಂತ ಹೊಸ ಹೆಸರಿಟ್ಟರು. ಮದುವೆ ದಿನ ಅಕ್ಕಿಯಲ್ಲಿ ಹೊಸ ಹೆಸರು ಬರೆಸುತ್ತಿದ್ದ ಕಾಲ ನಮ್ಮಮ್ಮನಿಗೆ ನೆನಪಿದೆ.

ಅವಳ ಮುಂದಿನ ಬದುಕಿನ ಕುರುಹಾಗಿ ಒಂದು ಹರಿದ ಪಪೈರಸ್ ತುಂಡು ಉಳಿದಿದೆ. ಫಾಯೂಮ್ ಹತ್ತಿರದ ಗುರೋಬ್‌ನಲ್ಲಿ, ಅಂತಃಪುರವಿದ್ದ ಜಾಗದಲ್ಲಿ ಸಿಕ್ಕಿದ್ದು. ಅದರಲ್ಲಿ ಅವಳ ಹೆಸರಿದೆ, ಜೊತೆಗೆ ಬಟ್ಟೆಗಳ ಪಟ್ಟಿ. ಉದ್ದ ಇಷ್ಟು ಮೊಳ, ಅಗಲ ಇಷ್ಟು ಮೊಳ.

ಅಣ್ಣನ ಮನೆಯಲ್ಲಿ ಪತ್ರಿಕೆ ಅಚ್ಚಿಗೆ ಹೋಯಿತು. ಅತ್ತಿಗೆ ಈಗ ಇನ್ನೊಂದು ಕೆಲಸ ಹಿಡಿದಿದ್ದಾರೆ. ಮಗಳ ಹಳೇ ಶಾಲೆ ನೋಟ್‌ಬುಕ್ಕಿನ ಖಾಲಿ ಹಾಳೆಗಳಲ್ಲಿ ಸೀರೆ ಲೆಕ್ಕ. ಧಾರೆ ಸೀರೆ 1, ಆರತಕ್ಷತೆಗೆ 1, ಬೀಗಿತ್ತಿಗೆ 1, ಬ್ಲೌಸ್ ಪೀಸ್ 40. ನೋಟ್‌ಬುಕ್ಕಿನ ಮೇಲಿನ ಚೀಟಿಯಲ್ಲಿ ಇನ್ನೂ ಅವಳದೇ ಅಕ್ಷರ, ಅವಳದೇ ಹೆಸರು, ಏಳನೇ ತರಗತಿ, ಬಿ ವಿಭಾಗ.